ರಿಚರ್ಡ್ ಸ್ಟ್ರೌಸ್ ಮತ್ತು ಅವನ ಗಾಯಕಿ

ಹಾಡನ್ನು ಕಟ್ಟುವವನೊಬ್ಬ, ಅದನ್ನು ಹಾಡುವವನು ಮತ್ತೊಬ್ಬ ಎಂಬ ಭೇದ ನಮ್ಮ ಸಂಗೀತದಲ್ಲಿ ಅಷ್ಟಾಗಿ ಬೇರೂರಿಲ್ಲ. ವಾಗ್ಗೇಯಕಾರ ಎಂಬ ಮಾತಿನಲ್ಲಿಯೇ ಸಾಹಿತ್ಯವನ್ನೂ ಗೇಯವನ್ನೂ ಒಬ್ಬನೇ ಕೂಡಿಸಿದನೆಂಬ ಅರ್ಥವಿದೆ. ಪುರಂದರದಾಸರು ತಮ್ಮ ಪದಗಳನ್ನು ತಾವೇ ಹಾಡಿದರು. ತ್ಯಾಗರಾಜರು ತಮ್ಮ ಕೃತಿಗಳನ್ನು ತಾವೇ ಹಾಡಿ ಶಿಷ್ಯರಿಗೆ ಪಾಠ ಮಾಡಿದರು. ಶಿಷ್ಯನ ಕಂಠಕ್ಕೆ ಬಂದ ಮೇಲೆ ಕೃತಿಯು ಅಲ್ಲಲ್ಲಿ ಹೊಸ ಸಂಗತಿಗಳನ್ನು ತಳೆಯಿತು. ಅದನ್ನು ಯಾರೂ ಅಪಚಾರವೆಂದು ಎಣಿಸಲಿಲ್ಲ. ಯೂರೋಪಿನ ಪದ್ಧತಿ ಬೇರೆ. ಅಲ್ಲಿ ರಚನಕಾರನು ಮೇಜಿನ ಮುಂದೆ ಕುಳಿತು, ಪ್ರತಿಯೊಂದು ಸ್ವರವನ್ನೂ, ಅದು ನಿಲ್ಲಬೇಕಾದ ಕಾಲವನ್ನೂ, ಪಕ್ಕದಲ್ಲಿ ನುಡಿಯಬೇಕಾದ ವಾದ್ಯವನ್ನೂ ಕಾಗದದ ಮೇಲೆ ಬರೆದಿಡುತ್ತಾನೆ. ಕವಿತೆ ಒಬ್ಬನದು, ಸ್ವರ ಇನ್ನೊಬ್ಬನದು, ಕಂಠ ಮೂರನೆಯವರದು. ಹೀಗಿರುವುದರಿಂದ, ಹಾಡುಗಳನ್ನು ಬರೆಯಹೊರಟ ರಚನಕಾರನಿಗೆ ತನ್ನ ಮನಸ್ಸನ್ನು ಬಲ್ಲ ಒಂದು ಕಂಠ ದೊರೆಯುವುದು ದೊಡ್ಡ ಭಾಗ್ಯ. ವಿಯೆನ್ನಾದಲ್ಲಿ ಷೂಬರ್ಟನಿಗೆ ಫೋಗ್ಲ್ ಎಂಬ ಹಿರಿಯ ಗಾಯಕನು ದೊರೆತನು. ನಾರ್ವೆಯ ಗ್ರೀಗನಿಗೆ ಕೈಹಿಡಿದ ಹೆಂಡತಿಯೇ ಆ ಕಂಠವಾದಳು.

ಈ ಹೊತ್ತು ನಾನು ಹೇಳಬೇಕೆಂದಿರುವುದು ಇಂಥದೇ ಮತ್ತೊಂದು ಜೋಡಿಯ ವಿಷಯ: ಜರ್ಮನಿಯ ರಿಚರ್ಡ್ ಸ್ಟ್ರೌಸ್ ಮತ್ತು ಅವನ ಪತ್ನಿ ಪೌಲಿನೆ. ವಿಯೆನ್ನಾದ ವಾಲ್ಟ್ಸ್ ನೃತ್ಯಗಳನ್ನು ಬರೆದು ಹೆಸರಾದ ಯೋಹಾನ್ ಸ್ಟ್ರೌಸನೇ ಬೇರೆ, ಇಬ್ಬರಿಗೂ ನಂಟಿಲ್ಲ. ಈ ದಂಪತಿಗಳನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ಪೌಲಿನೆಯು ಗಂಡನನ್ನು ಗದರಿಸಿ ಆಳಿದ ಜಗಳಗಂಟಿಯೆಂದು ಪುಸ್ತಕಗಳಲ್ಲಿ ಪ್ರಸಿದ್ಧಳಾಗಿದ್ದಾಳೆ. ಆಕೆ ಹಾಡುತ್ತಿದ್ದಳೆಂಬುದನ್ನು ಜನರು ಬಹುಮಟ್ಟಿಗೆ ಮರೆತಿದ್ದಾರೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ. ಅಲ್ಲದೆ, ಎಲ್ಲಿಯೋ ಬವೇರಿಯಾ ದೇಶದ ಸರೋವರದ ದಡದಲ್ಲಿ ಮೊದಲಾದ ಈ ಕಥೆಯು ಕೊನೆಗೆ ನಮ್ಮ ಮೈಸೂರಿನ ಅರಮನೆಯವರೆಗೆ ಬಂದು ಮುಟ್ಟುತ್ತದೆ.

ಸ್ಟ್ರೌಸನು ೧೮೬೪ರಲ್ಲಿ ಮ್ಯೂನಿಕ್ ನಗರದಲ್ಲಿ ಹುಟ್ಟಿದನು. ತಂದೆ ಅಲ್ಲಿನ ಆಸ್ಥಾನದ ವಾದ್ಯವೃಂದದಲ್ಲಿ ಹಾರ್ನ್ ಎಂಬ ಕೊಂಬುವಾದ್ಯವನ್ನು ನುಡಿಸುತ್ತಿದ್ದ ವಿದ್ವಾಂಸ. ತಾಯಿ ಹಣವಂತರಾದ ಬಿಯರ್ ತಯಾರಕರ ಮನೆತನದವಳು. ಪೌಲಿನೆ ದ ಆನಾ ಅವನಿಗಿಂತ ಒಂದು ವರ್ಷ ಹಿರಿಯಳು. ಆಕೆಯ ತಂದೆ ಬವೇರಿಯಾದ ಸೈನ್ಯದಲ್ಲಿ ಮೇಜರ್ ಜನರಲ್ ಪದವಿಯಲ್ಲಿದ್ದವನು. ತಾನೂ ಹವ್ಯಾಸಕ್ಕೆ ಹಾಡುತ್ತಿದ್ದನು. ೧೮೮೭ರ ಬೇಸಗೆಯಲ್ಲಿ ಸ್ಟಾರ್ನ್‌ಬೆರ್ಗ್ ಸರೋವರದ ತೀರದ ಫೆಲ್ಡಾಫಿಂಗ್ ಎಂಬ ಊರಿನಲ್ಲಿ ಇಬ್ಬರಿಗೂ ಪರಿಚಯವಾಯಿತು. ಹುಡುಗಿಗೆ ಒಳ್ಳೆಯ ಶಾರೀರವಿದೆ, ಸರಿಯಾದ ಪಾಠ ಆಗಿಲ್ಲ ಎಂದು ಸ್ಟ್ರೌಸನು ಕಂಡುಕೊಂಡು, ತಾನೇ ಕಲಿಸುವುದಕ್ಕೆ ಮುಂದಾದನು. ಎರಡು ವರ್ಷಗಳ ಮೇಲೆ ವೈಮಾರ್ ಸಂಸ್ಥಾನದ ನಾಟಕಶಾಲೆಯಲ್ಲಿ ವಾದ್ಯವೃಂದವನ್ನು ನಡೆಸುವ ಕೆಲಸ ಅವನಿಗೆ ದೊರೆತಾಗ ಶಿಷ್ಯೆಯೂ ಅಲ್ಲಿಗೆ ಬಂದಳು. ೧೮೯೦ರಲ್ಲಿ ಮೊಟ್ಸಾರ್ಟನ ಮಾಯಾಕೊಳಲು ಎಂಬ ಗೀತನಾಟಕದ ಪಮೀನಾ ಪಾತ್ರದಲ್ಲಿ ಆಕೆಯ ರಂಗಪ್ರವೇಶವಾಯಿತು. ನಾನು ಗೀತನಾಟಕವೆಂದು ಕರೆಯುತ್ತಿರುವುದು ಒಪೆರಾ ಎಂಬುದನ್ನು. ಬಹುಮಟ್ಟಿಗೆ ಹಾಡಿನಲ್ಲಿಯೇ ನಡೆಯುವ ನಾಟಕ ಅದು. ನಮ್ಮ ಯಕ್ಷಗಾನವನ್ನು ನೋಡಿದವರಿಗೆ ಅದರ ಕಲ್ಪನೆ ಕಷ್ಟವಾಗಲಾರದು.

ಗುರುವು ಶಿಷ್ಯೆಯ ಕೈಹಿಡಿದ ಸಂದರ್ಭದ ಬಗ್ಗೆ ಒಂದು ಕಥೆಯಿದೆ. ೧೮೯೪ರಲ್ಲಿ ಸ್ಟ್ರೌಸನ ಮೊದಲನೆಯ ಗೀತನಾಟಕವಾದ ಗುಂಟ್ರಾಮ್ ವೈಮಾರಿನಲ್ಲಿ ರಂಗವೇರುವುದರಲ್ಲಿತ್ತು. ಅದರ ಅಭ್ಯಾಸದ ನಡುವೆ ಪೌಲಿನೆಗೂ ಅವನಿಗೂ ವಾಗ್ವಾದ ಹತ್ತಿ, ಆಕೆ ಕೈಯಲ್ಲಿದ್ದ ಸ್ವರಪುಸ್ತಕವನ್ನು ಅವನ ಕಡೆಗೆ ಎಸೆದು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಸ್ಟ್ರೌಸನು ಹಿಂದೆಯೇ ಹೋದನು. ಒಳಗೆ ಕೂಗಾಟ ಕೇಳಿಸಿತು; ಆಮೇಲೆ ಸದ್ದಡಗಿತು. ವಾದ್ಯಗಾರರು ಗಾಬರಿಗೊಂಡು ಬಾಗಿಲು ತಟ್ಟಿ, ಇಂಥ ಗಾಯಕಿ ಹಾಡುವ ನಾಟಕದಲ್ಲಿ ತಾವು ಇನ್ನು ನುಡಿಸುವುದಿಲ್ಲವೆಂದು ದೂರಿಕೊಂಡರು. ಸ್ಟ್ರೌಸನು ನಗುತ್ತ, ತನಗೆ ಇದರಿಂದ ಬಹಳ ವ್ಯಸನವಾಯಿತು, ಏಕೆಂದರೆ ಈಗ ತಾನೆ ಆ ಗಾಯಕಿಯೊಡನೆ ತನ್ನ ವಿವಾಹ ನಿಶ್ಚಯವಾಗಿದೆ ಎಂದನಂತೆ. ಗಾಯಕಿ ಲೊಟ್ಟೆ ಲೇಮನ್ ಈ ಕಥೆಯನ್ನು ಬಹಳ ಸೊಗಸಾಗಿ ಹೇಳುತ್ತಿದ್ದಳು. ಕೇಳುವುದಕ್ಕೆ ಚೆನ್ನಾಗಿದೆ, ಕೈಯಿಂದ ಕೈಗೆ ದಾಟುವಾಗ ಸ್ವಲ್ಪ ಬಣ್ಣ ಹತ್ತಿಲ್ಲವೆಂದು ಹೇಳಲಾರೆ. ಗುಂಟ್ರಾಮ್ ಮೊದಲ ಬಾರಿ ಪ್ರದರ್ಶಿತವಾದ ಮೇ ೧೦ರಂದು ನಿಶ್ಚಿತಾರ್ಥ ಪ್ರಕಟವಾಯಿತೆಂಬುದಂತೂ ಸತ್ಯ.

ಆದರೆ ಈ ನಗೆಯ ಕಥೆಗಿಂತ ಮುಖ್ಯವಾದ ಒಂದು ದಾಖಲೆಯಿದೆ. ಜನರು ಅದನ್ನು ಅಷ್ಟಾಗಿ ಹೇಳುವುದಿಲ್ಲ. ಅದೇ ವರ್ಷದ ವಸಂತದಲ್ಲಿ ಪೌಲಿನೆಯು ಸ್ಟ್ರೌಸನಿಗೆ ಬರೆದ ಕಾಗದ. ಎಲ್ಲವೂ ತನ್ನ ತಲೆಯ ಮೇಲೆ ಒಮ್ಮೆಗೇ ಸುರಿದಂತಾಗಿದೆಯೆಂದೂ, ಇಷ್ಟೊಂದು ಹಿಗ್ಗಬೇಡವೆಂದೂ, ತನ್ನ ಕುಂದುಗಳು ಅವನಿಗೆ ತಿಳಿಯದವಲ್ಲವೆಂದೂ ಆಕೆ ಬೇಡಿಕೊಂಡಿದ್ದಾಳೆ. ಅದಕ್ಕಿಂತ ಮಿಗಿಲಾಗಿ, ರಂಗಭೂಮಿಯಲ್ಲಿ ತಾನು ಇನ್ನೂ ಹೆಸರು ಗಳಿಸಬೇಕಾಗಿದೆ, ಅಷ್ಟಕ್ಕಾದರೂ ಅವಕಾಶ ಬೇಕು ಎಂಬ ಹಂಬಲ ಅದರಲ್ಲಿದೆ. ತಂದೆಗೂ ಮನೆಯವರಿಗೂ ಈ ಸಂಬಂಧ ಬಹಳ ಒಪ್ಪಿಗೆ. ಹಿಂಜರಿಯುತ್ತಿದ್ದವಳು ಆಕೆ ಒಬ್ಬಳೇ. ಮೂವತ್ತೊಂದು ವರ್ಷ ವಯಸ್ಸಾದ, ನಾಲ್ಕು ವರ್ಷ ರಂಗದ ಮೇಲೆ ನಿಂತು ಅನುಭವ ಪಡೆದ ಹೆಂಗಸು ತನ್ನ ವಿದ್ಯೆಗೆ ಮುಂದೇನು ಗತಿಯೆಂದು ಕೇಳಿದ ಪ್ರಶ್ನೆ ಅದು. ಆ ಬೇಸಗೆಯಲ್ಲಿ ಬೈರಾಯ್ಟಿನಲ್ಲಿ ವಾಗ್ನರನ ಟಾನ್‌ಹೌಸರ್ ನಾಟಕವನ್ನು ಸ್ಟ್ರೌಸನು ನಡೆಸಿದಾಗ ಆಕೆ ಎಲಿಸಬೆತ್ ಪಾತ್ರವನ್ನು ಹಾಡಿದಳು. ಜರ್ಮನಿಯ ಗಾಯಕಿಗೆ ಅದು ಸಣ್ಣ ಮರ್ಯಾದೆಯಲ್ಲ. ಕೆಲವೇ ವಾರಗಳ ಮೇಲೆ, ೧೮೯೪ರ ಸೆಪ್ಟೆಂಬರ್ ೧೦ರಂದು, ವಿವಾಹವಾಯಿತು.

ಮದುವೆಗೆ ಗಂಡನು ಕೊಟ್ಟ ಉಡುಗೊರೆ ನಾಲ್ಕು ಹಾಡುಗಳು. ಇಪ್ಪತ್ತೇಳನೆಯ ಸಂಖ್ಯೆಯ ಕೃತಿಯೆಂದು ಅವು ಅಚ್ಚಾಗಿವೆ. ಮುಖಪುಟದಲ್ಲಿ ಪ್ರಿಯಳಾದ ಪೌಲಿನೆಗೆ ಎಂಬ ಅರ್ಪಣೆಯೂ ಮದುವೆಯ ದಿನಾಂಕವೂ ಇವೆ. ಅವುಗಳಲ್ಲಿ ಚೆಚೀಲಿಯೆ ಎಂಬುದನ್ನು ಅವನು ಬರೆದು ಮುಗಿಸಿದ್ದು ಮದುವೆಯ ಹಿಂದಿನ ದಿನ. ಹಾರ್ಟ್ ಎಂಬ ಕವಿ ತನ್ನ ಹೆಂಡತಿಯನ್ನು ಕುರಿತು ಬರೆದ ಕವಿತೆ ಅದು. ಸ್ಟ್ರೌಸನು ಅದನ್ನು ತನ್ನ ಹೆಂಡತಿಯಾಗುವವಳ ಬಾಯಿಗೆ ಕೊಟ್ಟನು. ನಾಲ್ಕನೆಯದು ನಾಳೆ ಎಂಬ ಅರ್ಥದ ಮೊರ್ಗೆನ್. ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದವರು ಮೊದಲು ಕೇಳಬೇಕಾದ ಹಾಡು ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ಇದನ್ನೇ ಹೇಳುತ್ತೇನೆ.

ಅದರ ಕಟ್ಟಡವನ್ನು ಸ್ವಲ್ಪ ಗಮನಿಸಬೇಕು. ಮೊದಲಿಗೆ ಪಿಯಾನೋ ಒಂದೇ ನುಡಿಯುತ್ತದೆ. ಅದು ಪೀಠಿಕೆಯಂತೆ ಚಿಕ್ಕದಲ್ಲ. ಒಂದು ಸಂಪೂರ್ಣ ರಾಗಮಾಲಿಕೆಯೇ ಹರಿದು ಮುಗಿಯುವುದರಲ್ಲಿರುತ್ತದೆ. ಆಗ ಗಾಯಕಿಯು, ಬಹಳ ಹೊತ್ತಿನಿಂದ ಮನಸ್ಸಿನಲ್ಲಿಯೇ ನಡೆದಿದ್ದ ಮಾತನ್ನು ಮುಂದುವರಿಸುವವಳಂತೆ, ವಾಕ್ಯದ ನಡುವಿನಿಂದ ಮೆಲ್ಲಗೆ ತೊಡಗುತ್ತಾಳೆ. ಕಂಠವು ಹಾಡಿನ ಮೇಲೆ ಸವಾರಿ ಮಾಡುವುದಿಲ್ಲ. ವಾದ್ಯದ ಮಾತಿನೊಳಗೆ ಬಂದು ಸೇರಿಕೊಳ್ಳುತ್ತದೆ. ಕೊನೆಯಲ್ಲಿ ಕಂಠವು ಒಂದೇ ಸ್ವರದ ಸಮೀಪದಲ್ಲಿ ನಿಂತು ಮೌನದ ಮಾತನ್ನಾಡಿ ಸುಮ್ಮನಾಗುತ್ತದೆ; ವಾದ್ಯವು ಮೊದಲಿನ ಧಾಟಿಯನ್ನು ನೆನಪಿಸಿಕೊಂಡು, ಮುಗಿಸದೆಯೇ ಮುಗಿಸುತ್ತದೆ. ೧೮೯೭ರಲ್ಲಿ ಸ್ಟ್ರೌಸನು ಪೌಲಿನೆಯ ಕಛೇರಿಗಳಿಗಾಗಿ ಈ ಹಾಡನ್ನು ವಾದ್ಯವೃಂದಕ್ಕೆ ಅಳವಡಿಸಿದಾಗ ಪಿಯಾನೋವಿನ ಆ ಧಾಟಿಯನ್ನು ಒಂಟಿ ಪಿಟೀಲಿಗೆ ಕೊಟ್ಟನು. ಈ ಪಿಟೀಲನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಇದು ಮತ್ತೆ ಬರುತ್ತದೆ.

ಇಂಥ ಹಾಡನ್ನು ಬರೆಯುವುದಕ್ಕೆ ಯಾವ ಗಾಯಕಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು? ಗಟ್ಟಿಯಾಗಿ ಕೂಗಿ ಮೆಚ್ಚಿಸುವವಳನ್ನಂತೂ ಅಲ್ಲ. ದೀರ್ಘವಾದ ಉಸಿರು, ಮಾತಿನ ಅರ್ಥಕ್ಕೆ ತಕ್ಕಂತೆ ಸ್ವರವನ್ನು ಬಾಗಿಸುವ ಸಾಮರ್ಥ್ಯ, ಸುಮ್ಮನಿರಬೇಕಾದಲ್ಲಿ ಸುಮ್ಮನಿರುವ ಸಂಯಮ, ಇವು ಇರಬೇಕು. ಮನೆಯಲ್ಲಿ ಒಂದು ಗಳಿಗೆ ಸುಮ್ಮನಿರಲಾರದವಳೆಂದು ಹೆಸರಾದ ಹೆಂಗಸು ಹಾಡಿನಲ್ಲಿ ಇಷ್ಟೊಂದು ಮೌನವನ್ನು ಕಾಪಾಡಬಲ್ಲವಳಾಗಿದ್ದಳೆಂಬುದು ಯೋಚಿಸತಕ್ಕ ವಿಷಯ. ತನ್ನ ಹಾಡುಗಳನ್ನು ಆಕೆ ಹಾಡಿದಷ್ಟು ಭಾವದಿಂದ, ಕವಿತ್ವದಿಂದ ಹಾಡಿದವರನ್ನು ತಾನು ಬೇರೆ ಕಂಡಿಲ್ಲವೆಂದು ಸ್ಟ್ರೌಸನು ಮುಪ್ಪಿನಲ್ಲಿಯೂ ಹೇಳಿದನು. ಗಂಡನ ಸಾಕ್ಷ್ಯವೆಂದು ಇದನ್ನು ತಳ್ಳಿಬಿಡಬಹುದು. ಆದರೆ ೧೯೦೦ರಲ್ಲಿ ಈ ದಂಪತಿಗಳು ವಿಯೆನ್ನಾದಲ್ಲಿ ಕಛೇರಿ ಮಾಡಿದಾಗ ಅಲ್ಲಿದ್ದ ವಿಮರ್ಶಕ ಹಾನ್ಸ್‌ಲಿಕ್ ಸ್ಟ್ರೌಸನ ಸಂಗೀತಕ್ಕೆ ಸ್ನೇಹಿತನಲ್ಲ; ಹೊಸ ಪಂಥದವರನ್ನೆಲ್ಲ ಜೀವಮಾನವೆಲ್ಲ ಖಂಡಿಸಿದವನು. ಅವನು ಕೂಡ ಆಕೆಯ ಗಾಯನವನ್ನು ಹೊಗಳಿ, ಆಕೆಯನ್ನು ಸ್ಟ್ರೌಸನ ಉತ್ತಮಾರ್ಧವೆಂದು ಕರೆದನು.

ಹತ್ತು ಹನ್ನೆರಡು ವರ್ಷಗಳ ಕಾಲ ಆಕೆ ಹಾಡಿದಳು, ಅವನು ಪಿಯಾನೋವಿನಲ್ಲಿ ಪಕ್ಕವಾದ್ಯ ನುಡಿಸಿದನು. ಅಚ್ಚಿನ ಪುಟದಲ್ಲಿ ಇದ್ದುದನ್ನೇ ಅವನು ನುಡಿಸುತ್ತಿರಲಿಲ್ಲವೆಂದು ಕೇಳಿದವರು ಹೇಳಿದ್ದಾರೆ. ಗಾಯಕಿಯ ಉಸಿರನ್ನೂ ಅಂದಿನ ಮನಸ್ಸನ್ನೂ ಅನುಸರಿಸಿ ಅಲ್ಲಿಯೇ ಹೊಸದನ್ನು ಸೇರಿಸುತ್ತಿದ್ದನು. ಬರೆದದ್ದನ್ನು ಬರೆದಂತೆ ನುಡಿಸಬೇಕೆಂಬ ದೇಶದಲ್ಲಿ ಇದು ಅಪರೂಪದ ಸ್ವಾತಂತ್ರ್ಯ. ಬರೆದವನೇ ತಾನಾದ್ದರಿಂದ ಅವನನ್ನು ಕೇಳುವವರಿರಲಿಲ್ಲ. ಮನೋಧರ್ಮ ಸಂಗೀತದಲ್ಲಿ ಬೆಳೆದ ನಮಗೆ ಅದರ ಸೊಗಸು ಸುಲಭವಾಗಿ ತಿಳಿಯುತ್ತದೆ. ೧೮೯೭ರಲ್ಲಿ ಮಗನು ಹುಟ್ಟಿದನು. ಆಗಲೂ ಹಾಡುಗಳು ಬಂದವು: ನನ್ನ ಮಗುವಿಗೆ ಎಂಬುದು ಹೆರಿಗೆಗೆ ಮೊದಲೇ; ಜೋಗುಳವೊಂದು ಎರಡು ವರ್ಷಗಳ ಮೇಲೆ. ೧೯೦೪ರಲ್ಲಿ ಇಬ್ಬರೂ ಅಮೆರಿಕಾ ದೇಶಕ್ಕೆ ಹೋಗಿ ಊರೂರುಗಳಲ್ಲಿ ಕಛೇರಿ ನಡೆಸಿದರು.

ಪೌಲಿನೆಯು ಅವನ ಸಂಗೀತದಲ್ಲಿ ಹಾಡಿದ್ದಲ್ಲದೆ, ಪಾತ್ರವಾಗಿಯೂ ಪ್ರವೇಶಿಸಿದಳು. ೧೮೯೯ರಲ್ಲಿ ಕೇಳಿಬಂದ ವೀರನ ಜೀವನ ಎಂಬ ದೊಡ್ಡ ವಾದ್ಯವೃಂದದ ಕೃತಿಯಲ್ಲಿ ವೀರನ ಸಂಗಾತಿಯನ್ನು ಒಂಟಿ ಪಿಟೀಲೊಂದು ಚಿತ್ರಿಸುತ್ತದೆ. ಆ ಪಿಟೀಲು ಒಮ್ಮೆ ಲಲ್ಲೆಗರೆಯುತ್ತದೆ, ಒಮ್ಮೆ ಸಿಡುಕುತ್ತದೆ, ಒಮ್ಮೆ ಅಲಕ್ಷ್ಯ ತೋರಿಸುತ್ತದೆ. ಕೆಳಗಿನ ವಾದ್ಯಗಳು ಗಂಡನಂತೆ ತಾಳ್ಮೆಯಿಂದ ಕಾದಿರುತ್ತವೆ. ತನ್ನ ಹೆಂಡತಿಯು ಬಹಳ ಜಟಿಲವಾದ ಸ್ವಭಾವದವಳೆಂದೂ, ಆಕೆ ಒಂದು ನಿಮಿಷವಿದ್ದಂತೆ ಇನ್ನೊಂದು ನಿಮಿಷ ಇರುವವಳಲ್ಲವೆಂದೂ, ತಾನು ಚಿತ್ರಿಸಿದ್ದು ಆಕೆಯನ್ನೇ ಎಂದೂ ಸ್ಟ್ರೌಸನು ರೊಮೇ ರೋಲಾನಿಗೆ ಹೇಳಿದನು. ಶ್ರೀರಾಮಕೃಷ್ಣರ ಮತ್ತು ವಿವೇಕಾನಂದರ ಚರಿತ್ರೆಗಳನ್ನು ಬರೆದು ನಮಗೆ ಆತ್ಮೀಯನಾಗಿರುವ ಅದೇ ರೋಲಾ ಅವನು. ಸ್ಟ್ರೌಸನಿಗೆ ಹತ್ತಿರದ ಸ್ನೇಹಿತ. ಅಮೆರಿಕಾ ಯಾತ್ರೆಯಲ್ಲಿ ಮೊದಲು ಕೇಳಿಸಿದ ಗೃಹಸಂಗೀತ ಎಂಬ ಕೃತಿಯಲ್ಲಂತೂ ಗಂಡ, ಹೆಂಡತಿ, ಮಗು ಮೂವರೂ ಇದ್ದಾರೆ. ಮಗುವಿಗೆ ಸ್ನಾನವಾಗುತ್ತದೆ, ಗಡಿಯಾರ ಏಳು ಹೊಡೆಯುತ್ತದೆ, ಜಗಳವಾಗುತ್ತದೆ, ಸಮಾಧಾನವಾಗುತ್ತದೆ. ನೂರು ಜನ ವಾದ್ಯಗಾರರು ಸೇರಿ ಒಂದು ಮಗುವಿನ ಸ್ನಾನವನ್ನು ಬಣ್ಣಿಸುವುದು ಅತಿಯಾಯಿತೆಂದು ಅಂದಿನ ಹಲವರು ಹೇಳಿದರು. ನನಗೂ ಒಮ್ಮೊಮ್ಮೆ ಹಾಗೆ ತೋರಿದೆ.

ಮನೆಯೊಳಗಿನ ಕಥೆಗಳಿಗಂತೂ ಮಿತಿಯಿಲ್ಲ. ಸಲೋಮೆ ಎಂಬ ಗೀತನಾಟಕ ೧೯೦೫ರಲ್ಲಿ ಬಂದಾಗ ಇದರಿಂದ ಸ್ಟ್ರೌಸನಿಗೆ ಕೆಡುಕಾಗುತ್ತದೆಂದು ಜರ್ಮನಿಯ ಚಕ್ರವರ್ತಿ ಹೇಳಿದನು. ಆ ಕೆಡುಕಿನಿಂದ ತನಗೆ ಗಾರ್ಮಿಷ್ ಊರಿನಲ್ಲಿ ಮನೆ ಕಟ್ಟುವಷ್ಟು ಹಣ ಬಂತೆಂದು ಸ್ಟ್ರೌಸನು ಹೇಳಿಕೊಳ್ಳುತ್ತಿದ್ದನು. ೧೯೦೮ರಿಂದ ಸಂಸಾರ ಆ ಮನೆಯಲ್ಲಿ. ಬಾಗಿಲಲ್ಲಿ ಕಾಲೊರಸದೆ ಯಾರೂ ಒಳಗೆ ಬರುವಂತಿರಲಿಲ್ಲ, ಯಜಮಾನನೂ ಬರುವಂತಿರಲಿಲ್ಲ. ಗಂಡನು ಹರಟೆ ಹೊಡೆಯುತ್ತ ಕುಳಿತರೆ, ಹೋಗಿ ಸಂಗೀತ ಬರೆಯಿರೆಂದು ಆಕೆ ಎಬ್ಬಿಸಿ ಕಳುಹಿಸುವಳು. ಅವನು ಎದ್ದು ಹೋಗುವನು. ಗುಸ್ತಾವ್ ಮಾಹ್ಲರನ ಹೆಂಡತಿ ಮೊದಲಾದವರು ಇವನ್ನೆಲ್ಲ ಬರೆದಿಟ್ಟು ನಗಿಸಿದ್ದಾರೆ. ನಕ್ಕವರು ಒಂದನ್ನು ಮರೆತರು. ಸ್ಟ್ರೌಸನು ಅರವತ್ತು ವರ್ಷಗಳ ಕಾಲ ಕಛೇರಿಯ ಗುಮಾಸ್ತನಂತೆ ಕ್ರಮವಾಗಿ ದಿನದಿನವೂ ಕುಳಿತು ಬರೆದನು. ಆ ಕ್ರಮವನ್ನು ಕಾದವಳು ಯಾರೆಂದು ಕೇಳಬೇಕಷ್ಟೆ.

೧೯೦೨ರಲ್ಲಿ ಈ ಸಂಸಾರ ಒಡೆಯುವ ಸ್ಥಿತಿಗೆ ಬಂದಿತ್ತು. ಸ್ಟ್ರೌಸನು ಊರಲ್ಲಿಲ್ಲದಾಗ ಅವನ ಹೆಸರಿಗೆ ಅಪರಿಚಿತಳಾದ ಹೆಂಗಸೊಬ್ಬಳಿಂದ, ನಾಟಕದ ಟಿಕೀಟು ಬೇಡಿ, ಸಲಿಗೆಯ ಮಾತಿನ ಕಾಗದವೊಂದು ಬಂತು. ಪೌಲಿನೆ ಅದನ್ನು ಒಡೆದು ಓದಿ, ನೇರವಾಗಿ ವಕೀಲನ ಬಳಿಗೆ ಹೋಗಿ ವಿವಾಹವಿಚ್ಛೇದನದ ಮಾತೆತ್ತಿದಳು. ಆ ಕಾಗದ ಸ್ಟ್ರಾನ್ಸ್ಕಿ ಎಂಬ ಬೇರೊಬ್ಬ ಸಂಗೀತಗಾರನಿಗೆ ಸೇರಬೇಕಾದದ್ದು, ಹೆಸರಿನ ಹೋಲಿಕೆಯಿಂದ ದಾರಿ ತಪ್ಪಿತು ಎಂದು ಸ್ನೇಹಿತರ ಮೂಲಕ ತಿಳಿಯಪಡಿಸುವ ಹೊತ್ತಿಗೆ ಗಂಡನಿಗೆ ಸಾಕಾಗಿತ್ತು. ಸ್ಟ್ರೌಸನು ಇದನ್ನು ಮರೆಯಲಿಲ್ಲ. ಇಪ್ಪತ್ತೆರಡು ವರ್ಷಗಳ ತರುವಾಯ, ೧೯೨೪ರಲ್ಲಿ, ಡ್ರೆಸ್ಡೆನ್ ನಗರದಲ್ಲಿ ಇಂಟರ್ಮೆಟ್ಸೋ ಎಂಬ ಗೀತನಾಟಕವಾಗಿ ಅದು ರಂಗಕ್ಕೆ ಬಂತು. ಕಥೆ, ಸಾಹಿತ್ಯ ಎರಡೂ ಅವನವೇ. ನಾಯಕನ ಪಾತ್ರಧಾರಿಯನ್ನು ಸ್ಟ್ರೌಸನಂತೆಯೇ ಕಾಣಿಸಿದ್ದರು. ರಂಗದ ಮೇಲಿನ ಕೋಣೆ ಗಾರ್ಮಿಷಿನ ಮನೆಯಂತೆಯೇ ಇತ್ತು. ಲೊಟ್ಟೆ ಲೇಮನ್ ಹೆಂಡತಿಯ ಪಾತ್ರವನ್ನು ಹಾಡಿದಳು. ಪ್ರದರ್ಶನವಾದ ಮೇಲೆ ಆಕೆ, ಇದು ನಿಮ್ಮ ಪತಿ ನಿಮಗೆ ಕೊಟ್ಟ ಅದ್ಭುತವಾದ ಕಾಣಿಕೆಯಲ್ಲವೆ ಎಂದಾಗ, ತನಗೆ ಅದರಿಂದ ಏನೂ ಆಗಬೇಕಾಗಿಲ್ಲವೆಂದು ಪೌಲಿನೆ ಎಲ್ಲರೆದುರಿಗೂ ಖಂಡಿತವಾಗಿ ಹೇಳಿದಳಂತೆ. ಇದು ಆಕೆಯ ಒರಟುತನಕ್ಕೆ ದೃಷ್ಟಾಂತವೆಂದು ಎಲ್ಲ ಪುಸ್ತಕಗಳಲ್ಲಿಯೂ ಬರುತ್ತದೆ. ತನ್ನ ಮನೆಯ ಜಗಳವನ್ನು ಸಾವಿರ ಜನರ ಮುಂದೆ ಬೇರೊಬ್ಬಳು ಹಾಡುವುದನ್ನು ಕುಳಿತು ನೋಡಬೇಕಾದ, ತಾನೂ ಒಮ್ಮೆ ಗಾಯಕಿಯಾಗಿದ್ದ ಹೆಂಗಸು ಇನ್ನೇನು ಹೇಳಬೇಕಾಗಿತ್ತೆಂಬುದನ್ನು ಮಾತ್ರ ಆ ಪುಸ್ತಕಗಳು ಹೇಳುವುದಿಲ್ಲ.

ಅಷ್ಟು ಹೊತ್ತಿಗೆ ಆಕೆ ಹಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಗೀತನಾಟಕದ ರಂಗವನ್ನು ಮದುವೆಯಾದ ಕೆಲವು ವರ್ಷಗಳಲ್ಲಿಯೇ ತೊರೆದಳು. ಕಛೇರಿಗಳು ಸುಮಾರು ೧೯೦೬ರ ಹೊತ್ತಿಗೆ ನಿಂತವು. ಇಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹುಡುಗನಾಗಿದ್ದಾಗಿನಿಂದ ಎಡೆಬಿಡದೆ ಹಾಡುಗಳನ್ನು ಬರೆಯುತ್ತ ಬಂದಿದ್ದ ಸ್ಟ್ರೌಸನು ೧೯೦೬ರಿಂದ ೧೯೧೮ರವರೆಗೆ, ಹನ್ನೆರಡು ವರ್ಷ, ಪಿಯಾನೋವಿನೊಡನೆ ಹಾಡುವ ಹಾಡುಗಳನ್ನು ಪ್ರಕಟಿಸಲೇ ಇಲ್ಲ. ಅವನ ಮನಸ್ಸು ಗೀತನಾಟಕಗಳ ಕಡೆಗೆ ತಿರುಗಿತ್ತು, ನಿಜ. ಪ್ರಕಾಶಕರೊಡನೆ ಹಕ್ಕುಗಳ ವಿಷಯದಲ್ಲಿ ವ್ಯಾಜ್ಯವಿತ್ತು, ಅದೂ ನಿಜ. ಆದರೂ ಎದುರಿಗಿದ್ದ ಕಂಠ ನಿಂತುಹೋದ ಕಾಲಕ್ಕೇ ಹಾಡು ನಿಂತುಹೋಯಿತೆಂಬುದನ್ನು ಆಕಸ್ಮಿಕವೆಂದು ನಾನು ಭಾವಿಸಲಾರೆ. ಬಾವಿಯಲ್ಲಿ ನೀರಿದ್ದರೂ ಸೇದುವ ಹಗ್ಗ ಬೇಕಲ್ಲ.

ಹಗ್ಗ ಕಳೆದುಕೊಂಡದ್ದು ಅವನಿಗೆ ಎಷ್ಟು ನಷ್ಟವಾಯಿತೋ ಅದಕ್ಕಿಂತ ಹೆಚ್ಚು ನಷ್ಟ ಯಾರಿಗಾಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ೧೮೯೪ರ ಕಾಗದದಲ್ಲಿ ಆಕೆ ಕೇಳಿದ ಪ್ರಶ್ನೆಗೆ ಬಂದ ಉತ್ತರ ಇದು. ಅವನೇನೂ ಬಿಡಿಸಿದವನಲ್ಲ, ಆಕೆಯ ಗಾಯನವನ್ನು ಕೊನೆಯವರೆಗೂ ಕೊಂಡಾಡಿದನು. ಆದರೆ ಮನೆ, ಮಗು, ಊರೂರು ತಿರುಗುವ ಗಂಡನ ಪೆಟ್ಟಿಗೆ ಕಟ್ಟುವುದು, ಇವುಗಳ ನಡುವೆ ಸಾಧನೆ ಉಳಿಯಲಿಲ್ಲ. ಆಕೆಯ ಕಂಠದ ಗ್ರಾಮಫೋನ್ ಪ್ಲೇಟೊಂದು ಇದ್ದಿದ್ದರೆ ನಾವು ಇಷ್ಟು ವಾದಿಸಬೇಕಾಗಿರಲಿಲ್ಲ. ಹಾಡುಗಳೇ ನಮಗಿರುವ ಸಾಕ್ಷಿ. ಸ್ಟ್ರೌಸನ ಗೀತನಾಟಕಗಳಲ್ಲಿ ಗಂಡಸಿನ ಪಾತ್ರಗಳು ಸಾಮಾನ್ಯ. ಹೆಂಗಸಿನ ಏರುಕಂಠಕ್ಕೆ ಅವನು ಬರೆದುದರ ಮಟ್ಟದಲ್ಲಿ ಅವನ ಕಾಲದ ಬೇರೆ ಯಾರೂ ಬರೆಯಲಿಲ್ಲ. ನೆರಳಿಲ್ಲದ ಹೆಣ್ಣು ಎಂಬ ನಾಟಕದಲ್ಲಿ ಬಣ್ಣಗಾರನ ಹೆಂಡತಿಯ ಪಾತ್ರಕ್ಕೆ ನಿಮ್ಮ ಪತ್ನಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದೆಂದು ಕವಿ ಹೋಫ್‌ಮನ್ಸ್‌ಟಾಲ್ ಬಹಳ ಮರ್ಯಾದೆಯಿಂದ ಸೂಚಿಸಿದನು. ಬಾಯಿಬಡಕಿ, ಅತೃಪ್ತೆ, ಒಳಗೆ ಬಹಳ ಒಳ್ಳೆಯವಳು, ಏನನ್ನೋ ಕಳೆದುಕೊಂಡವಳು. ಆ ಪಾತ್ರ ಹಾಗಿದೆ.

ಮುಂದಿನ ಕಾಲವನ್ನು ಬೇಗ ದಾಟಬೇಕೆನ್ನಿಸುತ್ತದೆ, ಆದರೆ ಮುಚ್ಚಿಡುವುದು ಸರಿಯಲ್ಲ. ೧೯೩೩ರಲ್ಲಿ ನಾಜಿ ಸರ್ಕಾರವು ಸ್ಥಾಪಿಸಿದ ಸಂಗೀತ ಮಂಡಲಿಗೆ ಸ್ಟ್ರೌಸನು ಅಧ್ಯಕ್ಷನಾದನು. ಯೆಹೂದಿಯಾದ ಸಾಹಿತಿ ಸ್ಟೆಫಾನ್ ಟ್ಸ್ವೈಗನಿಗೆ ಅವನು ಬರೆದ ಕಾಗದವೊಂದು ಪೊಲೀಸರ ಕೈಗೆ ಸಿಕ್ಕಿ, ೧೯೩೫ರಲ್ಲಿ ಆ ಪದವಿಯನ್ನು ಬಿಡಬೇಕಾಯಿತು. ಅವನ ಸೊಸೆ ಯೆಹೂದಿ. ಆಕೆಯನ್ನೂ ಮೊಮ್ಮಕ್ಕಳನ್ನೂ ಉಳಿಸಿಕೊಳ್ಳುವ ಭಯದಲ್ಲಿಯೇ ಉಳಿದ ವರ್ಷಗಳು ಕಳೆದವು. ಆ ಭಯ ನಿಜವಾದದ್ದು. ಅಧ್ಯಕ್ಷಪದವಿಯನ್ನು ಒಪ್ಪಿಕೊಂಡದ್ದೂ ನಿಜವಾದದ್ದೇ. ಯುದ್ಧ ಮುಗಿಯುವ ಹೊತ್ತಿಗೆ ಅವನ ನಾಟಕಗಳು ನಡೆದಿದ್ದ ಮ್ಯೂನಿಕ್, ಡ್ರೆಸ್ಡೆನ್, ವಿಯೆನ್ನಾ ನಗರಗಳ ರಂಗಶಾಲೆಗಳು ಬಾಂಬಿನ ಹೊಡೆತಕ್ಕೆ ಹಾಳಾಗಿದ್ದವು. ೧೯೪೫ರ ಅಕ್ಟೋಬರಿನಲ್ಲಿ ವೃದ್ಧ ದಂಪತಿಗಳು ಸ್ವಿಟ್ಜರ್ಲೆಂಡಿಗೆ ಹೋಗಿ, ಹೋಟಲಿನಿಂದ ಹೋಟಲಿಗೆ ಅಲೆಯುತ್ತ ಕಾಲ ಕಳೆದರು. ಹಣ ತಡೆಹಿಡಿಯಲ್ಪಟ್ಟಿತ್ತು, ನಾಜಿಗಳ ಸಹವಾಸದ ಆರೋಪದ ವಿಚಾರಣೆ ೧೯೪೮ರ ಜೂನಿನವರೆಗೂ ತೀರಲಿಲ್ಲ. ಪೌಲಿನೆಗೆ ಹೋಟಲುಗಳ ಶುಭ್ರತೆ ಒಪ್ಪಿಗೆಯಾಗುತ್ತಿರಲಿಲ್ಲ; ಜಗಳಗಳು ನಡೆದವು.

ಈ ನಡುವೆ ಸ್ಟ್ರೌಸನು ಐಕೆನ್‌ಡೋರ್ಫ್ ಕವಿಯ ಸಂಜೆಗೆಂಪಿನಲ್ಲಿ ಎಂಬ ಕವಿತೆಯನ್ನು ಓದಿದನು. ಕಷ್ಟಸುಖಗಳನ್ನು ಕೂಡಿ ನಡೆದು ದಣಿದ ಇಬ್ಬರು ಮುದುಕರು ಕತ್ತಲಾಗುವ ಹೊತ್ತಿನಲ್ಲಿ ನಿಂತಿದ್ದಾರೆ. ಎರಡು ಬಾನಾಡಿಗಳು ಮಾತ್ರ ಇನ್ನೂ ಮೇಲೇರುತ್ತಿವೆ. ಐವತ್ತನಾಲ್ಕು ವರ್ಷಗಳ ದಾಂಪತ್ಯಕ್ಕೆ ಹತ್ತಿರವಾಗಿದ್ದ ಎಂಬತ್ತಮೂರರ ಮುದುಕನಿಗೆ ಆ ಕವಿತೆ ಯಾರದೆಂದು ತೋರಿರಬೇಕು? ೧೯೪೮ರ ಮೇ ೬ರಂದು ಮಾಂಟ್ರೋ ನಗರದಲ್ಲಿ ಅದರ ಹಾಡು ಮುಗಿಯಿತು. ಹಳೆಯದನ್ನು ನೆನೆದು ಕೊರಗುವುದರ ಬದಲು ಕೆಲವು ಹಾಡು ಬರೆಯಿರೆಂದು ಮಗನು ಒತ್ತಾಯಿಸುತ್ತಿದ್ದನೆಂದು ಮನೆಯವರು ಹೇಳುವುದುಂಟು. ಹೆಸ್ಸೆ ಕವಿಯ ಮೂರು ಕವಿತೆಗಳು ಅದೇ ಬೇಸಗೆಯಲ್ಲಿ ಹಾಡಾದವು: ಜುಲೈನಲ್ಲಿ ವಸಂತ, ಆಗಸ್ಟಿನಲ್ಲಿ ನಿದ್ರೆಗೆ ಹೋಗುವಾಗ, ಸೆಪ್ಟೆಂಬರ್ ೨೦ರಂದು ಸೆಪ್ಟೆಂಬರ್. ನಾಲ್ಕನ್ನೂ ಸೇರಿಸಿ ನಾಲ್ಕು ಕಡೆಯ ಹಾಡುಗಳು ಎಂದು ಹೆಸರಿಟ್ಟವನು ಪ್ರಕಾಶಕ ರೋಟ್, ಸ್ಟ್ರೌಸನಲ್ಲ.

ನಾಲ್ಕೂ ಹೆಂಗಸಿನ ಏರುಕಂಠಕ್ಕೆ, ವಾದ್ಯವೃಂದದೊಡನೆ. ಸೆಪ್ಟೆಂಬರಿನಲ್ಲಿ ಗಾಯಕಿ ಹಾಡಿ ಮುಗಿಸಿದ ಮೇಲೆ ಹಾರ್ನ್ ಒಂದೇ ಉಳಿದು ಮಾತನಾಡುತ್ತದೆ; ತಂದೆಯ ವಾದ್ಯ ಅದು. ನಿದ್ರೆಗೆ ಹೋಗುವಾಗ ಎಂಬುದರಲ್ಲಿ ಎರಡು ನುಡಿಗಳಾದ ಮೇಲೆ ಕಂಠ ಸುಮ್ಮನಾಗಿ, ಆ ಒಂಟಿ ಪಿಟೀಲು ಮೇಲೇಳುತ್ತದೆ. ಮೊರ್ಗೆನ್ ಹಾಡಿನಲ್ಲಿ ಮದುಮಗಳ ಪಕ್ಕದಲ್ಲಿ ನಿಂತಿದ್ದ, ವೀರನ ಜೀವನದಲ್ಲಿ ಸಿಡುಕಿ ಲಲ್ಲೆಗರೆದ ಪಿಟೀಲೇ ಇದೆಂದು ನನಗೆ ಯಾವಾಗಲೂ ತೋರುತ್ತದೆ. ಈಗ ಅದರಲ್ಲಿ ಸಿಡುಕಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಂಠವು ಅದೇ ಧಾಟಿಯನ್ನು ಹಿಡಿದು ಅದರೊಡನೆ ಹೋಗುತ್ತದೆ. ಸಂಜೆಗೆಂಪಿನಲ್ಲಿ ಎಂಬುದರ ಬಾನಾಡಿಗಳು ಎರಡು ಕೊಳಲುಗಳ ಕಂಪಿತಗಳಾಗಿ ಕೇಳಿಸುತ್ತವೆ. ಗಾಯಕಿಯು ಇದೇ ಸಾವಿರಬಹುದೇ ಎಂಬ ಭಾವದ ಕೊನೆಯ ಪ್ರಶ್ನೆಯನ್ನು ಕೇಳಿದಾಗ ವಾದ್ಯವೃಂದವು, ಸ್ಟ್ರೌಸನು ಇಪ್ಪತ್ತೈದರ ಹರೆಯದಲ್ಲಿ ಬರೆದಿದ್ದ ಮರಣ ಮತ್ತು ರೂಪಾಂತರ ಎಂಬ ಕೃತಿಯ ಒಂದು ಪಂಕ್ತಿಯನ್ನು ನುಡಿಸುತ್ತದೆ. ಪೌಲಿನೆಯ ಪರಿಚಯವಾಗಿ ಆಗ ಇನ್ನೂ ಎರಡು ವರ್ಷವಾಗಿತ್ತು. ೧೯೪೮ರಲ್ಲಿ ಆಕೆಗೆ ವಯಸ್ಸು ಎಂಬತ್ತೈದು. ಹಾಡುವ ಮಾತು ಹೋಗಿ ನಲವತ್ತು ವರ್ಷಗಳಾಗಿದ್ದವು. ಅವನ ಕಿವಿಯಲ್ಲಿ ಯಾವ ಕಂಠವಿತ್ತೆಂದು ಕಾಗದದ ಮೇಲೆ ಬರೆದಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

೧೯೪೯ರ ಮೇ ತಿಂಗಳಲ್ಲಿ ದಂಪತಿಗಳು ಗಾರ್ಮಿಷಿಗೆ ಹಿಂದಿರುಗಿದರು. ಆ ತಿಂಗಳಲ್ಲಿಯೇ ಸ್ಟ್ರೌಸನು ನಾರ್ವೆಯ ಮಹಾಗಾಯಕಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡಳಿಗೆ ಕಾಗದ ಬರೆದು, ಈ ಹಾಡುಗಳನ್ನು ಶ್ರೇಷ್ಠವಾದ ವಾದ್ಯವೃಂದದೊಡನೆ ಮೊದಲು ಹಾಡಬೇಕೆಂದು ಕೇಳಿಕೊಂಡನು. ಅದನ್ನು ಕೇಳುವುದಕ್ಕೆ ಅವನು ಉಳಿಯಲಿಲ್ಲ. ಸೆಪ್ಟೆಂಬರ್ ೮ರಂದು ತೀರಿಕೊಂಡನು. ಮ್ಯೂನಿಕ್ಕಿನಲ್ಲಿ ಅವನ ಅಂತ್ಯಕ್ರಿಯೆಯಾದಾಗ, ರೋಸೆನ್‌ಕವಲಿಯರ್ ನಾಟಕದ ಕೊನೆಯಲ್ಲಿ ಮೂವರು ಹೆಂಗಸರು ಕೂಡಿ ಹಾಡುವ ಹಾಡನ್ನು ಸೋಲ್ಟಿ ನಡೆಸಿದನು. ಗಾಯಕಿಯರು ಒಬ್ಬರಾದ ಮೇಲೊಬ್ಬರು ದುಃಖದಿಂದ ದನಿಗಟ್ಟಿ ನಿಂತು, ಮತ್ತೆ ಚೇತರಿಸಿಕೊಂಡು ಒಟ್ಟಿಗೆ ಮುಗಿಸಿದರೆಂದು ಅವನು ಬರೆದಿದ್ದಾನೆ. ಪೌಲಿನೆ ಮುಂದೆ ಎಂಟು ತಿಂಗಳು ಬದುಕಿದಳು. ೧೯೫೦ರ ಮೇ ೧೩ರಂದು ಆಕೆಯೂ ಹೋದಳು.

ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫ್ಲಾಗ್‌ಸ್ಟಾಡ್ ಆ ನಾಲ್ಕು ಹಾಡುಗಳನ್ನು ಮೊದಲ ಬಾರಿ ಹಾಡಿದ್ದು ಒಂಬತ್ತು ದಿನಗಳ ಮೇಲೆ, ಮೇ ೨೨ರಂದು. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಫುರ್ಟ್‌ವೆಂಗ್ಲರ್ ನಡೆಸಿದನು. ಅಂಥ ಕಛೇರಿಗೆ ಬಹಳ ವೆಚ್ಚ ತಗಲುತ್ತದೆ. ಯುದ್ಧಾನಂತರದ ಲಂಡನ್ನಿನಲ್ಲಿ ಹಣ ಸುಲಭವಾಗಿರಲಿಲ್ಲ. ನಾಲ್ಕು ಸಾವಿರದ ಎಂಟುನೂರು ಡಾಲರುಗಳ ಖಾತರಿಯನ್ನು ಕೊಟ್ಟು ಅದು ನಡೆಯುವಂತೆ ಮಾಡಿದವರು ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರು. ಆಗ ಅವರಿಗೆ ಮೂವತ್ತು ವರ್ಷ, ರಾಜ್ಯದ ರಾಜಪ್ರಮುಖರಾಗಿದ್ದರು. ಪಿಯಾನೋವನ್ನು ಶಾಸ್ತ್ರೀಯವಾಗಿ ಕಲಿತವರು. ಶ್ರೀವಿದ್ಯಾ ಎಂಬ ಅಂಕಿತದಿಂದ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ರಷ್ಯಾ ದೇಶದ ವೃದ್ಧ ರಚನಕಾರ ಮೆಟ್ನರನ ಕೃತಿಗಳು ಗ್ರಾಮಫೋನ್ ಪ್ಲೇಟುಗಳಲ್ಲಿ ಉಳಿಯುವಂತೆ ಹಣ ಕೊಟ್ಟವರೂ ಅವರೇ. ಫಿಲ್‌ಹಾರ್ಮೋನಿಯಾದ ಕಛೇರಿಗಳನ್ನು ನಡೆಸುತ್ತಿದ್ದ ಸಂಘಕ್ಕೆ ಮೊದಲನೆಯ ಅಧ್ಯಕ್ಷರೂ ಅವರೇ.

ಆ ರಾತ್ರಿ ಮಹಾರಾಜರು ಲಂಡನ್ನಿಗೆ ಹೋಗಲಾಗಲಿಲ್ಲ. ಹಾಡುಗಳನ್ನು ಪ್ಲೇಟುಗಳಲ್ಲಿ ತುಂಬಿಸಿ, ಸುಮಾರು ಇಪ್ಪತ್ತು ಸಾವಿರ ಪ್ಲೇಟುಗಳಿದ್ದ ಅವರ ಭಂಡಾರಕ್ಕಾಗಿ ಮೈಸೂರಿಗೆ ಕಳುಹಿಸಿಕೊಟ್ಟರು. ಆ ಧ್ವನಿಮುದ್ರಣ ಇಂದಿಗೂ ಕೇಳಸಿಗುತ್ತದೆ. ಕರಕರ ಸದ್ದು ಬಹಳ. ವಾದ್ಯವೃಂದ ದೂರದ ಮಳೆಯಂತೆ ಕೇಳಿಸುತ್ತದೆ. ಮುಂದೆ ಬಂದ ಗಾಯಕಿಯರು ಇವೇ ಹಾಡುಗಳನ್ನು ಇದಕ್ಕಿಂತ ನಿರ್ಮಲವಾಗಿ ಮುದ್ರಿಸಿದ್ದಾರೆ. ಹೊಸದಾಗಿ ಕೇಳುವವರು ಅವುಗಳಿಂದ ಮೊದಲು ಮಾಡುವುದೇ ಮೇಲು. ಮೊರ್ಗೆನ್ ಹಾಡನ್ನು ಪಿಟೀಲಿರುವ ವಾದ್ಯವೃಂದದ ರೂಪದಲ್ಲಿ ಒಮ್ಮೆ ಕೇಳಿ, ಅದರ ಹಿಂದೆಯೇ ನಿದ್ರೆಗೆ ಹೋಗುವಾಗ ಎಂಬುದನ್ನು ಹಾಕಿಕೊಂಡರೆ, ಒಂದಕ್ಕೂ ಇನ್ನೊಂದಕ್ಕೂ ನಡುವಿರುವ ಐವತ್ತನಾಲ್ಕು ವರ್ಷಗಳು ಹತ್ತು ನಿಮಿಷದೊಳಗೆ ಕಿವಿಗೆ ಬೀಳುತ್ತವೆ.